ಗೊತ್ತಿದ್ದ ಶಬ್ದವೇ ತೊಡಕು: ಸೇವಾ ತರಬೇತಿಯ ಜೊತೆಜೊತೆಗೆ ಮರಾಠಿ ಕಲಿಯುವ ಬಗೆ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬೈಬಲ್ ಕಾಲೇಜು ಇಲ್ಲವೇ ಸೆಮಿನರಿ ಸೇರಿ, ಮುಂದೆ ಮಹಾರಾಷ್ಟ್ರದ ಸೇವಾಕ್ಷೇತ್ರಕ್ಕೆ ಹೋಗಬೇಕಾದವರಿಗೆ ಮರಾಠಿ ಅಂದರೆ ಅಷ್ಟೇನೂ ಅಂಜಿಕೆ ಇರುವುದಿಲ್ಲ. ಪಗಾರ, ಗಡಬಡ, ಕಾಳಜಿ, ಭಾನಗಡಿ, ನಿವಾಂತ, ಸಾವಕಾಶ, ಬರೋಬ್ಬರಿ, ಎಲ್ಲವೂ ಮನೆಯಲ್ಲಿ ಆಡುವ ಮಾತೇ. ಕಾಕಾ, ಕಾಕು, ಮಾವಶಿ, ವೈನಿ ಎಂದು ಕರೆಯುತ್ತಲೇ ಬೆಳೆದಿರುತ್ತಾರೆ. ಶಾಲೆಯಲ್ಲಿ ಹಿಂದಿ ಓದಿದ್ದರಿಂದ ದೇವನಾಗರಿ ಲಿಪಿಯೂ ಬರುತ್ತದೆ.

ತೊಂದರೆ ಇರುವುದು ಈ ಸಲೀಸಿನಲ್ಲೇ. ಏನೂ ಗೊತ್ತಿಲ್ಲದೆ ಶುರು ಮಾಡಿದವನು ಪ್ರತಿ ಶಬ್ದವನ್ನೂ ಕೇಳಿ, ತಿದ್ದಿಸಿಕೊಂಡು ಕಲಿಯುತ್ತಾನೆ. ನಮ್ಮ ಕಡೆಯವರು ಮೊದಲ ವಾರವೇ ಮಾತಿಗಿಳಿದು, ಎದುರಿನವರಿಗೆ ಅರ್ಥವಾಯಿತಲ್ಲ ಎಂದು ಅಲ್ಲೇ ನಿಂತುಬಿಡುತ್ತಾರೆ. ಸಂತೆಯಲ್ಲಿ ಆ ಮರಾಠಿ ನಡೆಯುತ್ತದೆ. ಪ್ರಾರ್ಥನೆಯಲ್ಲಿ, ಪ್ರಸಂಗದಲ್ಲಿ, ಸಾವಿನ ಮನೆಯಲ್ಲಿ ನಡೆಯುವುದಿಲ್ಲ.

ಕೆಳಗಿನ ಕ್ರಮ 24 ವಾರದ್ದು. ದಿನಕ್ಕೆ 70 ನಿಮಿಷ ಸಾಕು: ಬೆಳಗಿನ ಧ್ಯಾನದ ನಂತರ 20 ನಿಮಿಷ ಕೇಳುವುದು, ಮಧ್ಯಾಹ್ನ ಊಟವಾದ ಮೇಲೆ 20 ನಿಮಿಷ ಬಾಯಿಪಾಠ, ಸಂಜೆ 30 ನಿಮಿಷ ಮಾತು ಅಥವಾ ಬರಹ. ಪರೀಕ್ಷೆಯ ವಾರಗಳಲ್ಲಿ ಬೆಳಗಿನ 20 ನಿಮಿಷ ಮಾತ್ರ ಉಳಿಸಿಕೊಳ್ಳಿ, ಅದನ್ನು ಮಾತ್ರ ಬಿಡಬೇಡಿ. ಗ್ರೀಕ್ ಅಥವಾ ಹೀಬ್ರೂ ತರಗತಿ ಇರುವ ವರ್ಷವಾದರೆ ಆ ಪುಸ್ತಕಗಳನ್ನು ಹಿಡಿದ ಕೂಡಲೇ ಮರಾಠಿಗೆ ಕೂರಬೇಡಿ, ನಡುವೆ ಒಂದು ತಾಸಾದರೂ ಬಿಡುವಿರಲಿ. ಎರಡು ವ್ಯಾಕರಣ ಒಂದೇ ಹೊತ್ತಿನಲ್ಲಿ ತಲೆಗೆ ಇಳಿಯುವುದಿಲ್ಲ.

ಮೊದಲ ಮೂರು ವಾರ: ಪುಸ್ತಕ ಮುಚ್ಚಿಡಿ

ಲಿಪಿ ಬರುತ್ತದೆ ಎಂದು ನೇರವಾಗಿ ಮರಾಠಿ ಬೈಬಲ್ ತೆರೆಯುವುದು ಎಲ್ಲರೂ ಮಾಡುವ ಮೊದಲ ತಪ್ಪು. ಕಣ್ಣು ಓದುತ್ತದೆ, ಬಾಯಿ ಕನ್ನಡದ ಉಚ್ಚಾರದಲ್ಲಿ ಅದನ್ನು ಗಟ್ಟಿ ಮಾಡಿಕೊಳ್ಳುತ್ತದೆ. ಆಮೇಲೆ ಬಿಡಿಸುವುದು ಕಷ್ಟ. ಮೂರು ವಾರ ಬರೀ ಕಿವಿಗೆ ಕೆಲಸ ಕೊಡಿ. ಆಕಾಶವಾಣಿಯ ಮರಾಠಿ ವಾರ್ತೆಗಳು ಮೊಬೈಲಿನಲ್ಲಿ ಸಿಗುತ್ತವೆ. ಒಂದೇ ವಾರ್ತೆಯನ್ನು ಮೂರು ಸಲ ಕೇಳಿ. ಎರಡನೆಯ ಸಲ ಕೇಳುವಾಗ ಓದುವವರ ಹಿಂದೆ ಹಿಂದೆಯೇ ಪಿಸುದನಿಯಲ್ಲಿ ಹೇಳುತ್ತಾ ಹೋಗಿ. ಅರ್ಥವಾಗದಿದ್ದರೂ ನಡೆದೀತು.

ಕಿವಿ ಹಿಡಿಯಬೇಕಾದದ್ದು ಎರಡು ಸಂಗತಿ. ಒಂದು, ಶಬ್ದದ ಕೊನೆಯ ಅಕಾರ. ನಾವು ‘ದೇವ’ ಎನ್ನುತ್ತೇವೆ, ಅವರು ‘ದೇವ್’ ಎನ್ನುತ್ತಾರೆ. ‘ಪಾಪ’ ಅಲ್ಲಿ ‘ಪಾಪ್’. ಇನ್ನೊಂದು, ಚ-ಜ-ಝಗಳ ಎರಡು ಉಚ್ಚಾರ. ‘ಚಾರ್’, ಅಂದರೆ ನಾಲ್ಕು, ಇದರ ಚ ನಮ್ಮ ಚ. ಗಾಲಿಗೆ ಹೇಳುವ ‘ಚಾಕ್’ ಎಂಬುದರ ಚ ಮಾತ್ರ ಹಲ್ಲಿಗೆ ನಾಲಿಗೆ ತಾಗಿ ‘ತ್ಸಾಕ್’ ಎಂದು ಬರುತ್ತದೆ. ಬರೆಯುವಾಗ ಎರಡಕ್ಕೂ ಒಂದೇ ಅಕ್ಷರ. ಐದು ಎಂಬುದು ‘ಪಾತ್ಸ್’, ಬರಹದಲ್ಲಿ ‘ಪಾಚ’. ‘ಜನ್ಮ’ದಲ್ಲಿ ನಮ್ಮ ಜ, ‘ಜಗ’ದಲ್ಲಿ ಹಲ್ಲಿನ ಜ಼. ‘ಮಾಝಾ’ ಎನ್ನುವಾಗ ಹಲ್ಲಿನ ಝ, ‘ಮಾಝೀ’ ಎನ್ನುವಾಗ ಅಂಗುಳಿನ ಝ, ಏಕೆಂದರೆ ಇಕಾರ ನಾಲಿಗೆಯನ್ನು ಮೇಲಕ್ಕೆ ಎಳೆಯುತ್ತದೆ. ಸಂಸ್ಕೃತದಿಂದ ನೇರ ಬಂದ ಶಬ್ದಗಳಲ್ಲಿ ಸಾಮಾನ್ಯವಾಗಿ ನಮ್ಮ ಉಚ್ಚಾರವೇ ನಿಲ್ಲುತ್ತದೆ. ಇದಕ್ಕೆ ಹಿಂದಿ ನೆರವಾಗುವುದಿಲ್ಲ, ಕೆಡಿಸುತ್ತದೆ. ಒಂದು ಸಮಾಧಾನವೆಂದರೆ ‘ಳ’. ಹಿಂದಿಯವರು ಒದ್ದಾಡುವ ಆ ಅಕ್ಷರ ನಮಗೆ ಪುಕ್ಕಟೆ.

ಮಾತಿಗೆ ಜನ ಹುಡುಕುವುದು

ಧಾರವಾಡದಲ್ಲಿ, ಹಳೇ ಹುಬ್ಬಳ್ಳಿಯಲ್ಲಿ ಮನೆಮಾತು ಮರಾಠಿ ಇರುವ ಕುಟುಂಬಗಳಿಗೆ ಕೊರತೆಯಿಲ್ಲ. ವಾರಕ್ಕೆ ಮೂರು ದಿನ, ಒಂದು ಸಲಕ್ಕೆ 45 ನಿಮಿಷ ಕೂರಲು ಒಪ್ಪುವ ಹಿರಿಯರೊಬ್ಬರು ಸಿಕ್ಕರೆ ಅರ್ಧ ಕೆಲಸ ಆಯಿತು. ನಿವೃತ್ತ ಶಿಕ್ಷಕರಿಗಿಂತ ಮನೆಯಲ್ಲಿ ಅಡುಗೆ, ಮೊಮ್ಮಕ್ಕಳು ಅಂತ ಓಡಾಡುವ ಅಜ್ಜಿಯೇ ಒಳ್ಳೆಯ ಗುರು. ಶಿಕ್ಷಕರು ಪುಸ್ತಕದ ಮರಾಠಿ ಆಡಲು ನೋಡುತ್ತಾರೆ, ಅಜ್ಜಿ ಆಡುವುದು ಮನೆಯ ಮರಾಠಿ. ಸಮಯಕ್ಕೆ ಏನಾದರೂ ಕೊಡುವುದು ಒಳ್ಳೆಯದು. ದುಡ್ಡು ಬೇಡವೆಂದರೆ ಕಾಯಿಪಲ್ಲೆ ತಂದುಕೊಡಿ, ಕರೆಂಟ್ ಬಿಲ್ ಕಟ್ಟಿ ಬನ್ನಿ.

ಎರಡು ಮಾತು ಮೊದಲೇ ಸ್ಪಷ್ಟವಿರಲಿ. ಧ್ವನಿ ಮುದ್ರಿಸಿಕೊಳ್ಳುವ ಮುಂಚೆ ಕೇಳಬೇಕು. ಮತ್ತೆ, ಭಾಷೆ ಕಲಿಸುವ ಮನೆಗೆ ಪ್ರಚಾರ ಒಯ್ಯಬಾರದು. ನೀವು ಯಾರು, ಯಾತಕ್ಕೆ ಕಲಿಯುತ್ತಿದ್ದೀರಿ ಎಂಬುದನ್ನು ಮೊದಲ ದಿನವೇ ಹೇಳಿ, ಅವರು ಕೇಳದ ಹೊರತು ಆ ವಿಷಯ ಎತ್ತಬೇಡಿ. ಮುಚ್ಚಿಟ್ಟು ಕಲಿತರೆ ಗೊತ್ತಾದ ದಿನ ಆ ಮನೆಯ ಬಾಗಿಲೂ ಹೋಯಿತು, ಓಣಿಯ ಬಾಗಿಲುಗಳೂ ಹೋದವು.

ಒಂದು ಭೇಟಿಯಿಂದ 90 ಸೆಕೆಂಡಿನ ಒಂದೇ ಮುದ್ರಣ ಸಾಕು. ‘ಇವತ್ತು ಬೆಳಿಗ್ಗೆ ಏನೇನು ಮಾಡಿದ್ರಿ?’ ಎಂದು ಕೇಳಿ, ಉತ್ತರ ಹಿಡಿದುಕೊಳ್ಳಿ. ರಾತ್ರಿ ಅದನ್ನು ಅಕ್ಷರಶಃ ಬರೆಯಿರಿ, ಮರುದಿನ ನೋಡದೆ ಹೇಳಿ. ಅರ್ಧ ತಾಸಿನ ಮುದ್ರಣ ಮಾಡಿಕೊಂಡವರು ಅದನ್ನು ತಿರುಗಿ ಕೇಳುವುದೇ ಇಲ್ಲ.

ಕರೆಯುವ ಮಾತಿನ ಬಗ್ಗೆ ಒಂದು ಎಚ್ಚರ. ದೊಡ್ಡವರಿಗೆಲ್ಲ ‘ತುಮ್ಹಿ’, ‘ತೂ’ ಎನ್ನುವುದು ಸಣ್ಣ ಮಕ್ಕಳಿಗೆ, ಆಪ್ತರಿಗೆ ಮತ್ತು ದೇವರಿಗೆ. ‘ಮಾವಶಿ’ ಮಹಾರಾಷ್ಟ್ರದ ಪಟ್ಟಣಗಳಲ್ಲಿ ಮನೆಗೆಲಸದವರನ್ನೂ ಕರೆಯುವ ಮಾತು, ಆದ್ದರಿಂದ ಗುರುತಿಲ್ಲದ ಹೆಂಗಸರಿಗೆ ‘ತಾಈ’ ಅಥವಾ ‘ಕಾಕು’ ಎನ್ನುವುದು ಕ್ಷೇಮ. ನಮ್ಮ ‘ರೀ’ಯನ್ನು ಇಲ್ಲೇ ಬಿಟ್ಟು ಹೋಗಬೇಕು. ‘ಯಾ’ (ಬನ್ನಿ) ಎನ್ನುವಲ್ಲಿ ‘ಯಾ ರೀ’ ಎಂದು ಬಾಯಿತಪ್ಪಿ ಅಂದರೆ ಅವರ ಕಿವಿಗೆ ಅದು ‘ರೇ’ ಎಂದು ಕೇಳೀತು. ಅಲ್ಲಿ ‘ರೇ’ ಎನ್ನುವುದು ಗೆಳೆಯರಿಗೆ. ಮರ್ಯಾದೆಗೆ ಮುಂದೆ ‘ಅಹೋ’ ಸೇರಿಸಬೇಕು: ‘ಅಹೋ ಕಾಕಾ, ಯಾ.’

ನಾಲ್ಕರಿಂದ ಎಂಟನೆಯ ವಾರ: ಲಿಂಗ, ರೂಪ, ಭೂತಕಾಲ

ಕನ್ನಡದಲ್ಲಿ ಕಲ್ಲು, ನೀರು, ಪುಸ್ತಕ ಎಲ್ಲ ‘ಅದು’. ಮರಾಠಿಯಲ್ಲಿ ಪ್ರತಿ ವಸ್ತುವಿಗೂ ಮೂರರಲ್ಲೊಂದು ಲಿಂಗ. ಚಹಾ ಗಂಡು, ಭಾಕರೀ ಹೆಣ್ಣು, ಪಾಣೀ ನಪುಂಸಕ. ಬಿಡಿ ಶಬ್ದ ಬರೆದುಕೊಂಡರೆ ಎಂದೂ ನೆನಪಿರುವುದಿಲ್ಲ. ಹಿಂದೆ ‘ನನ್ನ’ ಸೇರಿಸಿಯೇ ಕಲಿಯಿರಿ: ಮಾಝಾ ವಿಶ್ವಾಸ್, ಮಾಝೀ ಪ್ರಾರ್ಥನಾ, ಮಾಝಂ ಪಾಪ್. ಮೂರು ಬಣ್ಣದ ಪೆನ್ನಿನಲ್ಲಿ ಬರೆದರೆ ಶಬ್ದದ ಜೊತೆ ಬಣ್ಣವೂ ನೆನಪಿಗೆ ಬರುತ್ತದೆ. ದಿನಕ್ಕೆ ಹತ್ತು ಶಬ್ದ, ಹೆಚ್ಚು ಬೇಡ.

ಜೊತೆಗೆ ಪ್ರತಿ ನಾಮಪದದ ಎರಡನೆಯ ರೂಪವನ್ನೂ ಬರೆದುಕೊಳ್ಳಿ. ಪ್ರತ್ಯಯ ಹತ್ತುವ ಮುಂಚೆ ಶಬ್ದವೇ ಬದಲಾಗುತ್ತದೆ: ಘರ್ – ಘರಾತ್, ದೇವ್ – ದೇವಾಲಾ, ಪ್ರಾರ್ಥನಾ – ಪ್ರಾರ್ಥನೇತ್. ‘ದೇವ್‌ಲಾ’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ, ಆದ್ದರಿಂದ ಯಾರೂ ತಿದ್ದುವುದಿಲ್ಲ, ತಪ್ಪು ಹಾಗೇ ಬೇರು ಬಿಡುತ್ತದೆ.

ಇನ್ನು ಭೂತಕಾಲ. ಇಲ್ಲಿ ಕನ್ನಡದ ಬುದ್ಧಿ ಪೂರ್ತಿ ತಿರುಗಬೇಕು. ಸಕರ್ಮಕ ಕ್ರಿಯಾಪದ ಭೂತಕಾಲದಲ್ಲಿ ಮಾಡಿದವನನ್ನು ಬಿಟ್ಟು ಮಾಡಿಸಿಕೊಂಡ ವಸ್ತುವಿನ ಹಿಂದೆ ಹೋಗುತ್ತದೆ. ಎಲ್ಲ ಸೆಮಿನರಿಗಳಲ್ಲೂ ಬಾಯಿಪಾಠ ಮಾಡಿಸುವ ಯೋಹಾನ 3:16ನ್ನೇ ತೆಗೆದುಕೊಳ್ಳಿ: ‘ದೇವಾನೇ ಜ಼ಗಾವರ್ ಏವಢೀ ಪ್ರೀತೀ ಕೇಲೀ ಕೀ, ತ್ಯಾನೇ ಆಪಲಾ ಏಕುಲತಾ ಏಕ್ ಪುತ್ರ ದಿಲಾ.’ ಅಂದರೆ ದೇವರು ಲೋಕದ ಮೇಲೆ ಎಷ್ಟು ಪ್ರೀತಿ ಮಾಡಿದನೆಂದರೆ ತನ್ನ ಒಬ್ಬನೇ ಮಗನನ್ನು ಕೊಟ್ಟನು. ಮಾಡಿದವನು ದೇವರು, ಗಂಡು. ಆದರೂ ‘ಕೇಲೀ’ ಹೆಣ್ಣು, ಏಕೆಂದರೆ ‘ಪ್ರೀತೀ’ ಹೆಣ್ಣು. ಮುಂದೆ ಅದೇ ದೇವರು ಕೊಟ್ಟಾಗ ‘ದಿಲಾ’ ಗಂಡು, ಏಕೆಂದರೆ ‘ಪುತ್ರ’ ಗಂಡು. ‘ದೇವ್’ ಹೋಗಿ ‘ದೇವಾನೇ’ ಆಗಿದೆ, ‘ಜಗ್’ ಹೋಗಿ ‘ಜ಼ಗಾವರ್’ ಆಗಿದೆ, ಹಲ್ಲಿನ ಜ಼ವೂ ಇದೆ. ಐದು ವಾರದ ವ್ಯಾಕರಣ ಈ ಒಂದು ವಚನದಲ್ಲಿ ಕೂತಿದೆ. ಇದನ್ನು ದಿನಾ ಐದು ಸಲ ಹೇಳಿ, ಆಮೇಲೆ ಶಬ್ದ ಬದಲಾಯಿಸಿ ಹೊಸ ವಾಕ್ಯ ಕಟ್ಟಿ: ‘ಆಈನೇ ಭಾಕರೀ ಕೇಲೀ’, ‘ಆಈನೇ ಚಹಾ ಕೇಲಾ’, ‘ಆಈನೇ ಕಾಮ್ ಕೇಲಂ.’ ಗಂಡಸು ಹೇಳಲಿ ಹೆಂಗಸು ಹೇಳಲಿ ‘ಮೀ ಪ್ರಾರ್ಥನಾ ಕೇಲೀ’ ಒಂದೇ.

ಅಕರ್ಮಕದಲ್ಲಿ ಮಾತ್ರ ಹೇಳುವವರ ಲಿಂಗ ಬರುತ್ತದೆ: ‘ನಾನು ಬಂದೆ’ ಎನ್ನಲು ಗಂಡಸು ‘ಮೀ ಆಲೋ’, ಹೆಂಗಸು ‘ಮೀ ಆಲೇ’. ಕೊಲ್ಹಾಪುರದ ಕಡೆ ಹೆಂಗಸರೂ ‘ಆಲೋ, ಜಾತೋ’ ಎನ್ನುವುದು ಕಿವಿಗೆ ಬೀಳುತ್ತದೆ. ಅದು ಆ ಸೀಮೆಯ ಮಾತು, ತಪ್ಪಲ್ಲ. ಆದರೆ ಸೇವೆಗೆ ಪುಣೆಯ ಕಡೆ ಹೋಗುವ ಅಕ್ಕಂದಿರು ಅದನ್ನು ರೂಢಿ ಮಾಡಿಕೊಂಡರೆ ಅಲ್ಲಿ ನಗುತ್ತಾರೆ.

ಎರಡು ‘ನಾವು’

ಇಷ್ಟರಲ್ಲಿ ಒಂದೇ ಒಂದನ್ನು ಸರಿಯಾಗಿ ಕಲಿಯಲು ಸಾಧ್ಯವೆಂದರೆ ಇದನ್ನೇ ಆರಿಸಿಕೊಳ್ಳಿ. ಕನ್ನಡದ ‘ನಾವು’ ಎಲ್ಲರನ್ನೂ ಒಳಗೊಳ್ಳುತ್ತದೆ. ಮರಾಠಿಯಲ್ಲಿ ಎರಡಿವೆ. ‘ಆಮ್ಹಿ’ ಅಂದರೆ ನಾವು, ನೀವಲ್ಲ. ‘ಆಪಣ್’ ಅಂದರೆ ನಾವು, ನೀವೂ ಸೇರಿ. ‘ಆಪಣ್’ಗೆ ಅತಿ ಮರ್ಯಾದೆಯ ‘ತಾವು’ ಎಂಬ ಅರ್ಥವೂ ಉಂಟು.

ಪ್ರಾರ್ಥನೆಯಲ್ಲಿ ದೇವರ ಎದುರು ನಿಂತು ‘ನಾವು ಪಾಪ ಮಾಡಿದ್ದೇವೆ’ ಎನ್ನಬೇಕು. ‘ಆಪಣ್ ಪಾಪ್ ಕೇಲಂ ಆಹೇ’ ಎಂದಿರೋ, ದೇವರೂ ನಿಮ್ಮ ಜೊತೆ ಪಾಪದಲ್ಲಿ ಪಾಲುದಾರ. ಇಲ್ಲವೇ ‘ತಾವು ಪಾಪ ಮಾಡಿದ್ದೀರಿ’ ಎಂದು ದೇವರ ಮೇಲೆಯೇ ಹೊರಿಸಿದಂತೆ. ಅಲ್ಲಿ ‘ಆಮ್ಹಿ’ ಬೇಕು. ಪ್ರಾರ್ಥನೆ ಮುಗಿಸಿ ಜನರ ಕಡೆ ತಿರುಗಿ ಅದೇ ಮಾತು ಹೇಳುವಾಗ ‘ಆಮ್ಹಿ’ ಉಳಿಸಿಕೊಂಡರೆ ಕೂತವರು ಹೊರಗುಳಿಯುತ್ತಾರೆ, ‘ತುಮ್ಹಿ’ ಎಂದರೆ ಬೈದಂತೆ. ಅಲ್ಲಿ ‘ಆಪಣ್ ಸರ್ವ’. ಕಣ್ಣು ಮುಚ್ಚಿದರೆ ಆಮ್ಹಿ, ಕಣ್ಣು ತೆರೆದರೆ ಆಪಣ್ ಎಂದು ನೆನಪಿಟ್ಟುಕೊಳ್ಳಿ.

ಮಾದರಿಗೆ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಇದೆ: ‘ಹೇ ಆಮಚ್ಯಾ ಸ್ವರ್ಗಾತೀಲ್ ಪಿತ್ಯಾ.’ ‘ಆಪಲ್ಯಾ’ ಅಲ್ಲ, ‘ಆಮಚ್ಯಾ’. ಅದೇ ಪ್ರಾರ್ಥನೆಯಲ್ಲಿ ನಮ್ಮ ‘ಅನುದಿನದ ಆಹಾರ’ ಇರುವ ಜಾಗದಲ್ಲಿ ಅವರದು ‘ಆಮಚೀ ರೋಜಚೀ ಭಾಕರ್’. ಜೋಳದ ರೊಟ್ಟಿಯನ್ನೇ ಬೇಡುತ್ತಾರೆ. ಗದಗಿನವರಿಗೆ ಈ ಸಾಲು ಮರೆಯುವುದು ಸಾಧ್ಯವೇ ಇಲ್ಲ.

ಒಂಬತ್ತರಿಂದ ಹದಿನಾಲ್ಕು: ಮೋಸ ಮಾಡುವ ಶಬ್ದಗಳು

200 ಪುಟದ ನೋಟ್‌ಬುಕ್ಕಿನಲ್ಲಿ ಮೂರು ಭಾಗ ಮಾಡಿ. ಮೊದಲನೆಯದು ಎರಡು ಭಾಷೆಯಲ್ಲೂ ಒಂದೇ ಅರ್ಥ ಇರುವಂಥವು: ಕಾಳಜಿ, ಪಗಾರ, ಕೃಪೆ, ಆಶೀರ್ವಾದ. ಇವಕ್ಕೆ ನಾಲ್ಕು ಪುಟ ಸಾಕು. ಎರಡನೆಯದು ಪೂರ್ತಿ ಹೊಸವು. ಮೂರನೆಯದು ಮುಖ ಒಂದೇ, ಅರ್ಥ ಬೇರೆ ಇರುವಂಥವು. ಈ ಭಾಗಕ್ಕೆ ಹೆಚ್ಚು ಪುಟ ಬಿಡಿ. ಸೇವೆಯಲ್ಲಿ ಮುಗ್ಗರಿಸುವುದು ಇಲ್ಲೇ.

ಸಭೆಯ ಮಾತನ್ನೇ ನೋಡಿ. ನಮ್ಮಲ್ಲಿ ಪಾಸ್ಟರು ಕೊಡುವುದು ‘ಪ್ರಸಂಗ’. ಮರಾಠಿಯಲ್ಲಿ ‘ಪ್ರಸಂಗ್’ ಅಂದರೆ ಘಟನೆ, ಸಂದರ್ಭ, ಕೆಲವು ಸಲ ಬಂದೊದಗಿದ ಕಷ್ಟ. ‘ಮಾಝಾ ಪ್ರಸಂಗ್ ಐಕಾ’ ಎಂದರೆ ಇವನಿಗೆ ಏನು ಆಪತ್ತು ಬಂತೋ ಎಂದು ಕೇಳುತ್ತಾರೆ. ಬೇಕಾದದ್ದು ‘ಸಂದೇಶ್’ ಅಥವಾ ‘ಉಪದೇಶ್’. ಕ್ರೈಸ್ತ ‘ಸಭೆ’ ಅಲ್ಲಿ ‘ಮಂಡಳೀ’. ನಮಗೆ ಮಂಡಳಿ ಎಂದರೆ ಆಡಳಿತ ಮಂಡಳಿ. ಅವರಿಗೆ ‘ಸಭಾ’ ಎಂದರೆ ಮೊದಲು ಹೊಳೆಯುವುದು ಮೈದಾನದಲ್ಲಿ ನಡೆಯುವ ಸಾರ್ವಜನಿಕ ಸಭೆ. ‘ದೇವರಿಗೆ ಸ್ತೋತ್ರ’ ಎಂದು ನಾವು ಮಾತುಮಾತಿಗೆ ಹೇಳುವ ಸ್ತೋತ್ರ ಅಲ್ಲಿ ಒಂದು ಪದ್ಯ. ನಮ್ಮ ಕೀರ್ತನೆಗಳ ಪುಸ್ತಕಕ್ಕೆ ಅವರ ಬೈಬಲಿನಲ್ಲಿ ‘ಸ್ತೋತ್ರಸಂಹಿತಾ’ ಎಂದೇ ಹೆಸರು. ‘ಕೀರ್ತನ್’ ಎಂದರೆ ಮತ್ತೆ ಬೇರೆ, ತಾಳ-ಮೃದಂಗ ಹಿಡಿದು ಹರಿದಾಸರು, ವಾರಕರಿಗಳು ನಡೆಸುವ ಕಥಾಕೀರ್ತನ. ‘ನಾಳೆ ಕೀರ್ತನ್ ಓದೋಣ’ ಎಂದರೆ ಹಳ್ಳಿಯವರಿಗೆ ತಲೆಬುಡ ತಿಳಿಯುವುದಿಲ್ಲ.

‘ರಕ್ಷಣೆ’ ಎಂಬ ನಮ್ಮ ದೊಡ್ಡ ಶಬ್ದ ಅಲ್ಲಿ ಬರೀ ಕಾವಲು. ಪಾಪದಿಂದ ಬಿಡುಗಡೆಗೆ ಅವರು ಬಳಸುವುದು ‘ತಾರಣ್’. ತಮಾಷೆಯೆಂದರೆ ಬ್ಯಾಂಕಿನಲ್ಲಿ ಸಾಲಕ್ಕೆ ಒತ್ತೆ ಇಡುವುದಕ್ಕೂ ‘ತಾರಣ್’ ಎನ್ನುತ್ತಾರೆ, ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬೇಕು. ‘ಲೋಕ’ ನಮಗೆ ಜಗತ್ತು. ಮರಾಠಿಯ ‘ಲೋಕ್’ ಅಂದರೆ ಜನ. ‘ಪ್ರಪಂಚ’ ನಮಗೆ ಜಗತ್ತು, ಅವರಿಗೆ ಹೆಂಡತಿ-ಮಕ್ಕಳು-ಮನೆ-ಹೊಲದ ಬದುಕು. ಪ್ರಪಂಚ ಮತ್ತು ಪರಮಾರ್ಥ ಎಂಬುದು ಮಹಾರಾಷ್ಟ್ರದ ಭಕ್ತಿಯ ಮಾತಿನಲ್ಲಿ ಜೋಡಿಪದ. ‘ಪ್ರಪಂಚವನ್ನು ತೊರೆಯಿರಿ’ ಎಂದು ಉಪದೇಶ ಕೊಟ್ಟರೆ ಸಂಸಾರ ಬಿಟ್ಟು ಬನ್ನಿ ಎಂದಂತಾಯಿತು. ಅತ್ತೆಯಂದಿರಿಗೆ ಸಿಟ್ಟು ಬರುವುದು ಸಹಜ.

ಎಲ್ಲಕ್ಕಿಂತ ಬೆರಕಿ ‘ಸಮಾಧಾನ’. ಕನ್ನಡ ಬೈಬಲಿನಲ್ಲಿ ‘ನಿಮಗೆ ಸಮಾಧಾನವಾಗಲಿ’ ಎಂಬುದು ದೊಡ್ಡ ಮಾತು. ಮರಾಠಿಯಲ್ಲಿ ಅದಕ್ಕೆ ‘ಶಾಂತೀ’. ‘ಸಮಾಧಾನ್’ ಎಂದರೆ ತೃಪ್ತಿ. ‘ದೇವ್ ತುಮ್ಹಾಲಾ ಸಮಾಧಾನ್ ದೇವೋ’ ಎಂದರೆ ಯಾರೂ ನಗುವುದಿಲ್ಲ, ಯಾರಿಗೂ ತಪ್ಪೆನಿಸುವುದಿಲ್ಲ. ನೀವು ಹೇಳಿದ್ದೇ ಒಂದು, ಅವರು ಕೇಳಿಕೊಂಡದ್ದೇ ಒಂದು. ನಗು ಬರಿಸುವ ತಪ್ಪಿಗಿಂತ ಇಂಥದ್ದೇ ಕೆಟ್ಟದ್ದು.

ಅನುಮಾನವಿದ್ದ ಶಬ್ದಕ್ಕೆ ಮೋಲ್ಸ್‌ವರ್ತ್‌ನ ಮರಾಠಿ ನಿಘಂಟು ನೋಡಬಹುದು. ಮೊದಲು 1831ರಲ್ಲಿ, ತಿದ್ದಿದ ಆವೃತ್ತಿ 1857ರಲ್ಲಿ ಬಂದದ್ದು, ಈಗ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಅರ್ಥ ವಿವರಣೆ ಇಂಗ್ಲಿಷಿನಲ್ಲಿದೆ, ಭಾಷೆ ಹಳೆಯದು, ಆದರೂ ಹಳ್ಳಿಯ ಶಬ್ದಗಳಿಗೆ ಅದರಷ್ಟು ಒದಗುವುದು ಕಡಿಮೆ. ಈ ಕೆಲಸ ನಮ್ಮ ನೆಲಕ್ಕೆ ಹೊಸದಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಗದಗಿನ ಬೆಟಗೇರಿಗೆ 1841ರಲ್ಲಿ ಬಂದಾಗ ಇದೇ ರೀತಿ ನೋಟ್‌ಬುಕ್ ಹಿಡಿದು ನಮ್ಮ ಅಜ್ಜ-ಮುತ್ತಜ್ಜಂದಿರ ಬಾಯಿಂದ ಕನ್ನಡ ಕಲಿತರು. 1853ರಲ್ಲಿ ಬಂದ ಕಿಟೆಲ್ಲರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. 24 ವಾರದಲ್ಲಿ ಎಲ್ಲ ಬಂದೀತು ಎಂದು ಯಾರಾದರೂ ಹೇಳಿದರೆ ಆ ಎರಡು ಇಸವಿ ನೆನಪಿರಲಿ.

ಹದಿನೈದರಿಂದ: ಪ್ರಾರ್ಥನೆ, ಅಂಕಿ, ಹಾಡು

ಈಗ ಬೈಬಲ್ ತೆರೆಯಿರಿ. ‘ಆಮ್ಹಾಂಸ್’ ಮುಂತಾದ ಹಳೆಯ ರೂಪಗಳಿರುವ ಅನುವಾದವನ್ನು ಸಭೆಯಲ್ಲಿ ಓದಲು ಇಟ್ಟುಕೊಳ್ಳಿ, ಮಾತು ಕಲಿಯಲು ಸರಳ ಭಾಷೆಯ ಅನುವಾದ ಹಿಡಿಯಿರಿ. ಹಳೆಯ ಅನುವಾದದ ವಾಕ್ಯವನ್ನು ಪೇಟೆಯಲ್ಲಿ ಆಡಿದರೆ ನಾಟಕದ ರಾಜ ಬಂದ ಹಾಗಿರುತ್ತದೆ.

ಪ್ರಾರ್ಥನೆಗೆ 12 ಸಾಲು ಬರೆದು, ಮನೆಮಾತು ಮರಾಠಿ ಇರುವ ವಿಶ್ವಾಸಿಯೊಬ್ಬರಿಂದ ತಿದ್ದಿಸಿ, ಬಾಯಿಪಾಠ ಮಾಡಿ. ಎರಡು ವಾರ ಅದೇ 12 ಸಾಲು. ಮೂರನೆಯ ವಾರದಿಂದ ದಿನಕ್ಕೊಂದು ಸಾಲು ಬದಲಾಯಿಸಿ. ಕನ್ನಡದಲ್ಲಿ ಯೋಚಿಸಿ ಅಲ್ಲೇ ಮರಾಠಿ ಮಾಡಿಕೊಳ್ಳುತ್ತಾ ಪ್ರಾರ್ಥಿಸುವ ಸಾಹಸ ಬೇಡ, ಅರ್ಧದಲ್ಲಿ ಹಿಂದಿ ನುಗ್ಗುತ್ತದೆ. ‘ಆಹೇ’ ಬರುವಲ್ಲಿ ‘ಹೈ’ ಬಂದರೆ ಆ ದಿನ ಕಿವಿಯ ಅಭ್ಯಾಸ ತಪ್ಪಿದೆ ಎಂದು ತಿಳಿಯಿರಿ.

ಅಂಕಿಗಳನ್ನು ತಳ್ಳಿಹಾಕಬೇಡಿ. ಮರಾಠಿಯಲ್ಲಿ ನೂರರ ತನಕ ಒಂದೊಂದಕ್ಕೂ ಬೇರೆ ಹೆಸರಿದ್ದ ಹಾಗೆ. 25 ‘ಪಂಚವೀಸ್’, ಬಿಡಿ ಮೊದಲು, ಹತ್ತು ಆಮೇಲೆ. 39 ‘ಏಕೋಣಚಾಳೀಸ್’, ಅಂದರೆ ನಲವತ್ತಕ್ಕೆ ಒಂದು ಕಡಿಮೆ. 59 ‘ಏಕೋಣಸಾಠ್’. ಅಧ್ಯಾಯ-ವಚನ ಹೇಳುವಾಗ ತಡವರಿಸಿದರೆ ಕೂತವರೆಲ್ಲ ಪುಟ ತಿರುವುತ್ತಾ ಬೇರೆಲ್ಲೋ ಇರುತ್ತಾರೆ. ದಿನಕ್ಕೆ ಐದು ವಚನದ ವಿಳಾಸ ಗಟ್ಟಿಯಾಗಿ ಹೇಳಿ, ತಿಂಗಳೊಪ್ಪತ್ತಿನಲ್ಲಿ ಬರುತ್ತದೆ.

ಹಾಡಿನಿಂದ ಸಿಗುವ ಲಾಭ ವ್ಯಾಕರಣ ಪುಸ್ತಕದಿಂದ ಸಿಗದು. ನಾರಾಯಣ ವಾಮನ ಟಿಳಕರು (1861–1919) ಅಭಂಗದ ಧಾಟಿಯಲ್ಲಿ ಬರೆದ ಕ್ರೈಸ್ತ ಗೀತೆಗಳನ್ನು ಮರಾಠಿ ಸಭೆಗಳು ಈಗಲೂ ಹಾಡುತ್ತವೆ. ಎರಡು ಹಾಡು ಪೂರ್ತಿ ಬಂದರೆ ಲಿಂಗ, ವಿಭಕ್ತಿ ತಾನಾಗಿ ನಾಲಿಗೆಗೆ ಹತ್ತುತ್ತವೆ.

ಖಾನಾಪುರದ ಮೂರು ದಿನ

ಹತ್ತೊಂಬತ್ತನೆಯ ವಾರದ ಹೊತ್ತಿಗೆ ಮೂರು ದಿನ ಹೊರಬೀಳಿ. ಧಾರವಾಡದಿಂದ ಅಳ್ನಾವರ, ಲೋಂಡಾ ಮೇಲೆ ಹೋಗುವ ರೈಲಿನಲ್ಲಿ ಖಾನಾಪುರ, ಮುಂದೆ ಬೆಳಗಾವಿ. ಬೆಳಗಾವಿ ಪೇಟೆಗಿಂತ ಖಾನಾಪುರದ ಹಳ್ಳಿಗಳು ಮೇಲು. ಪೇಟೆಯಲ್ಲಿ ನಿಮ್ಮ ಉಚ್ಚಾರ ಕೇಳಿದ ಕೂಡಲೇ ಅಂಗಡಿಯವರು ಉಪಕಾರ ಮಾಡುವಂತೆ ಕನ್ನಡಕ್ಕೆ ಹೊರಳುತ್ತಾರೆ. ಆಗ ಹೇಳಲು ಒಂದು ವಾಕ್ಯ ಸಿದ್ಧವಿರಲಿ: ‘ಮಲಾ ಮರಾಠೀ ಶಿಕಾಯಚೀ ಆಹೇ, ಮರಾಠೀತಚ್ ಬೋಲಾ.’ ಅಂದರೆ ನನಗೆ ಮರಾಠಿ ಕಲಿಯಬೇಕಾಗಿದೆ, ಮರಾಠಿಯಲ್ಲೇ ಮಾತಾಡಿ.

ದಿನಕ್ಕೆ ಮೂರು ಕೆಲಸ: ದಾರಿ ಕೇಳುವುದು, ಚೌಕಾಶಿ ಮಾಡಿ ಏನಾದರೂ ಕೊಳ್ಳುವುದು, ಒಬ್ಬರ ಜೊತೆ 20 ನಿಮಿಷ ಕೂರುವುದು. ರವಿವಾರ ಆರಾಧನೆಗೆ ಹೋದರೆ ಇಡೀ ಸಂದೇಶ ಬರೆದುಕೊಳ್ಳಲು ಹೋಗಬೇಡಿ, ಹತ್ತು ವಾಕ್ಯ ಹಿಡಿದುಕೊಂಡು ಬನ್ನಿ. ‘ಛಾನ್ ಮರಾಠೀ ಬೋಲತಾ’ ಎಂದು ಹೊಗಳಿದರೆ ಉಬ್ಬಬೇಡಿ, ಹೊರಗಿನವರಿಗೆಲ್ಲ ಹಾಗೆ ಹೇಳುತ್ತಾರೆ. ಹೊಗಳುವುದು ಬಿಟ್ಟು ನಿಮ್ಮ ಜೊತೆ ವಾದಕ್ಕೆ ಇಳಿದರೆ, ನಡುವೆ ಬಾಯಿ ಹಾಕಿ ತಿದ್ದಿದರೆ, ಮಾತು ಹದಕ್ಕೆ ಬಂದಿದೆ ಎಂದರ್ಥ.

ವಾಪಸ್ಸು ಬಂದ ಮೇಲೆ ಮೂರು ನಿಮಿಷದ ಸಾಕ್ಷಿ, ಅಂದರೆ ನಿಮ್ಮ ನಂಬಿಕೆಯ ಅನುಭವ ಹೇಳುವ ಮಾತು, ಸಿದ್ಧ ಮಾಡಿ. ಸಂದೇಶ ಕೊಡುವುದು 22ನೆಯ ವಾರಕ್ಕೆ ಮುಂಚೆ ಬೇಡ, ಹಿರಿಯರು ಒತ್ತಾಯಿಸಿದರೂ ಬೇಡ. ಮೊದಲನೆಯದು ಎಂಟು ನಿಮಿಷ ಮೀರದಿರಲಿ.

ಕ್ಷೇತ್ರಕ್ಕೆ ಹೋದ ಮೊದಲ ತಿಂಗಳು

ಅಲ್ಲಿ ಮೊದಲು ಕರೆ ಬರುವುದು ಪೀಠದಿಂದಲೇ ಎಂದೇನಿಲ್ಲ, ಸಾವಿನ ಮನೆಯಿಂದಲೂ ಬಂದೀತು. ಅಲ್ಲಿಗೆ ಉದ್ದ ಪ್ರಾರ್ಥನೆ ಬರೆದು ಒಯ್ಯಬೇಡಿ. ಕೂರಿ, ಸುಮ್ಮನಿರಿ. ‘ಫಾರ್ ವಾಈಟ್ ಝಾಲಂ’ ಎಂಬ ಮೂರು ಶಬ್ದ ಸಾಕು, ನಮ್ಮ ‘ಭಾಳ ಕೆಟ್ಟ ಆತು’ ಇದ್ದ ಹಾಗೆ. ಮನೆಯವರು ಕೇಳಿದರೆ ನಾಲ್ಕು ಸಾಲಿನ ಪ್ರಾರ್ಥನೆ, ‘ಆಮ್ಹಿ’ ತಪ್ಪದಂತೆ. ಬೇರೆ ದಿನಗಳಲ್ಲಿ ಯಾರ ಮನೆಯಿಂದ ಏಳುವಾಗಲೂ ‘ಜಾತೋ’ (ಹೋಗುತ್ತೇನೆ) ಎನ್ನದೆ ‘ಯೇತೋ’ ಎನ್ನಬೇಕು, ನಾವು ‘ಬರ್ತೇನ್ರಿ’ ಎನ್ನುವಂತೆ, ಹೆಂಗಸರಾದರೆ ‘ಯೇತೇ’. ಸಾವಿನ ಮನೆಯಿಂದ ಮಾತ್ರ ಅದನ್ನೂ ಹೇಳದೆ ಎದ್ದು ಬರುವುದು. ಆ ರೀತಿ ನಮ್ಮಲ್ಲೂ ಅದೇ.